ಮರಿಸ್ವಾಮಿಯ ವ್ಯಾನಿಗೆ ತೆರಿಗೆ ಮಾಫಿ

ಕೇಳ್ರಪ್ಪೋ ಕೇಳಿ, ನಕ್ಕು ಹೊಟ್ಟೆ ಹುಣ್ಣಾದರೆ ಮಾತ್ರ ನನ್ನ ಬೈಬೇಡಿ. ಚಿಕ್ಕತಾಯಮ್ಮ ಅಂತ ಒಬ್ಬಳು, ಅವಳಿಗೆ ಮರಿಸ್ವಾಮಿ ಅಂತ ಒಬ್ಬ ಮಗ. ಮೈ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ. ಸತ್ತ ಗಂಡ ಉಳಿಸಿಹೋದದ್ದು ಒಂದು ಹಳೇ ವ್ಯಾನು, ಅದೇ ಅವರ ಅನ್ನ. ತೆರಿಗೆ ಕಟ್ಟೋ ಶಕ್ತಿ ಇಲ್ಲ, ಕಟ್ಟದಿದ್ದರೆ ವ್ಯಾನು ಹೋಯಿತು. ಅಷ್ಟರಲ್ಲಿ ಸರ್ಕಾರ ಸಾರಿತು: ಒಬ್ಬೊಬ್ಬರೇ ಒಂದೊಂದು ಗಾಡಿ ತರಬೇಡಿ, ಒಂದೇ ವ್ಯಾನಲ್ಲಿ ಒಟ್ಟಿಗೆ ಕೆಲಸಕ್ಕೆ ಹೋಗಿ. ಅಂಥ ವ್ಯಾನಿಗೆ ತೆರಿಗೆ ಮಾಫಿ!

"ಹೋಗೋ ಮಗ, ಒಂದು ಸೀಟೂ ಖಾಲಿ ಇರಬಾರದು!" ಅಂದಳು ಅವ್ವ.

ಹೋದ. ಅರ್ಧ ವ್ಯಾನಿಗಷ್ಟೇ ಜನ ಸಿಕ್ಕರು. ಖಾಲಿ ಸೀಟನ್ನೆಲ್ಲ ಕಿತ್ತು ರಸ್ತೆ ಬದಿಗಿಟ್ಟು ಬಂದ. "ಅವ್ವಾ, ಒಂದು ಸೀಟೂ ಖಾಲಿ ಇಲ್ಲ!"

"ಅಯ್ಯೋ ನನ್ನ ಕರ್ಮವೇ! ಸೀಟು ಕೀಳೋದಲ್ಲ ಕಣೋ, ಜನ ಹತ್ತಿಸ್ಬೇಕು. ದಾರೀಲಿ ಯಾರು ಕೈ ಅಡ್ಡ ಹಾಕ್ತಾರೋ ಅವರನ್ನ ಹತ್ತಿಸ್ಕೋ!"

"ಹೂಂ ಅವ್ವ."

ಸೀಟು ಮತ್ತೆ ಕೂರಿಸಿದ, ಹೋದ. ಸರ್ಕಲ್ಲಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ. ಮರಿಸ್ವಾಮಿ ಇಳಿದು, ಅವನನ್ನು ಅನಾಮತ್ತು ಎತ್ತಿ ಒಳಗೆ ಕೂರಿಸಿ, ಸೀದಾ ಗಾರ್ಮೆಂಟ್ಸ್ ಫ್ಯಾಕ್ಟರಿ ಗೇಟಿಗೆ ತಂದು ಬಿಟ್ಟ. ಬಿದ್ದ ಏಟಿಗೆ ಕೆನ್ನೆ ಊದಿತು.

"ಪೆದ್ದು ಮುಂಡೇದೆ! ಪೊಲೀಸಪ್ಪನ್ನ ಹತ್ತಿಸ್ತಾರೇನೋ? ಕೆಲಸಕ್ಕೆ ಹೋಗೋರನ್ನ ಮಾತ್ರ ಹತ್ತಿಸ್ಕೋ!"

"ಹೂಂ ಅವ್ವ."

ಬೆಳಿಗ್ಗೆ ಫ್ಯಾಕ್ಟರಿಗೆ ಹೋಗೋ ಹೆಣ್ಣುಮಕ್ಕಳನ್ನ ಹತ್ತಿಸಿಕೊಂಡ, ವ್ಯಾನು ಭರ್ತಿ. ಸಂಜೆ ಅದೇ ಹೆಣ್ಣುಮಕ್ಕಳು ಗೇಟಿನಿಂದ ಬಂದರೆ ಬಾಗಿಲೇ ತೆಗೆಯಲಿಲ್ಲ.

"ಎಲ್ಲಿಗಮ್ಮ?"

"ಮನೆಗೆ ಕಣಣ್ಣ!"

"ಮನೆಗೆ ಹೋಗೋರಿಗೆ ಜಾಗ ಇಲ್ಲ. ಕೆಲಸಕ್ಕೆ ಹೋಗೋರಿಗೆ ಮಾತ್ರ!"

ಖಾಲಿ ವ್ಯಾನು ಓಡಿಸಿಕೊಂಡು ಬಂದ. ಪಾಪ, ಅವರು ಕಾಲೆಳೆದುಕೊಂಡು ಬಂದು ಚಿಕ್ಕತಾಯಮ್ಮನ ಬಾಗಿಲಲ್ಲಿ ನಿಂತು ಶಾಪ ಹಾಕಿದರು.

ಅವ್ವ ಅತ್ತಳು. ಅಳದೆ ಏನು ಮಾಡ್ತಾಳೆ? "ನಾಳೆ ತೆರಿಗೆ ಸಾಹೇಬ್ರು ನಮ್ಮ ವ್ಯಾನಲ್ಲೇ ಕೂತು ನೋಡ್ತಾರಂತೆ. ನನ್ನ ಮಾತು ಬಿಟ್ಟಾಕು. ಸಾಹೇಬ್ರು ಏನಂತಾರೋ ಹಾಗೆ ಮಾಡು!"

"ಹೂಂ ಅವ್ವ."

ಅವ್ವ ಮನೆಮನೆಗೆ ಹೋಗಿ ಕಾಲಿಗೆ ಬಿದ್ದದ್ದಕ್ಕೆ ಹೆಣ್ಣುಮಕ್ಕಳು ಮತ್ತೆ ಹತ್ತಿದರು. ಮುಂದಿನ ಸೀಟಿನಲ್ಲಿ ಸಾಹೇಬರು. ವ್ಯಾನು ನೆಟ್ಟಗೆ ಓಡಿತು. ಸಾಹೇಬರಿಗೆ ಖುಷಿಯೋ ಖುಷಿ. ಸಹಿ ಹಾಕಲು ಪೆನ್ನು ತೆಗೆದು, "ನೋಡು ಮರಿಸ್ವಾಮಿ, ಸರ್ಕಾರಕ್ಕೆ ಬೇಕಾದ್ದು ಇಷ್ಟೇ. ರಸ್ತೆ ಮೇಲೆ ಗಾಡಿ ಕಡಿಮೆ ಆಗಬೇಕು" ಅಂದರು.

"ಅಷ್ಟೇನಾ ಸ್ವಾಮಿ?"

ಸ್ಟೇರಿಂಗ್ ತಿರುಗಿಸಿಯೇಬಿಟ್ಟ. ವ್ಯಾನು, ಹೆಣ್ಣುಮಕ್ಕಳು, ಸಾಹೇಬರು, ಎಲ್ಲ ಹೋಗಿ ಗದ್ದೆಯ ಕೆಸರಲ್ಲಿ ಕೂತರು.

ಸಾಹೇಬರು ಕೆಸರು ಒರೆಸಿಕೊಂಡು ಕಣ್ಣು ಬಿಟ್ಟರೆ, ಮರಿಸ್ವಾಮಿ ಎದುರಿಗೇ ಕೈಮುಗಿದು ನಿಂತಿದ್ದ.

"ಒಂದು ಗಾಡಿ ಕಡಿಮೆ ಮಾಡಿದೀನಿ ಸ್ವಾಮಿ. ಹಾಕಿ ಸಹಿ!"