ಮಖಮಲ್ಲಿನ ಹೊದಿಕೆ

"ಅಜ್ಜಾರ, ಒಬ್ಬರಿಗೆ ಗೊತ್ತಾಗಲಾರದಂಗ ಅವರ ಬಾಯಿ ಸುಮ್ಮನಾಗೋ ಗುಳಿಗಿ ಕೊಟ್ರ ಪಾಪ ಬರತೈತೇನ್ರಿ?"

ಕೇಳಿದವನು ಸಂಗಪ್ಪ, ಊರಿನ ಶಾಲಾ ಮಾಸ್ತರ. ಮಠದಲ್ಲಿ ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಬಂದವರೆಲ್ಲ ಕೈ ತೊಳೆದು ಹೋಗಿದ್ದರು. ಬೆಳಗಿನಿಂದ ಊರವರ ತಂಟೆ ತಕರಾರು ಕೇಳಿ ಕೇಳಿ ಸಾಕಾಗಿದ್ದ ಗುರುಗಳು ಗೋಡೆಗೆ ಒರಗಿದ್ದರು. ಕಣ್ಣು ತೆರೆಯದೆಯೇ ಕೇಳಿದರು.

"ಯಾರ ಬಾಯಿ?"

"ನಮ್ಮ ಅಕ್ಕಂದ್ರಿ."

ಅಕ್ಕ ನಿಂಬೆವ್ವ ಕೆಟ್ಟವಳಲ್ಲ. ತಾಯಿ ಸತ್ತಾಗ ಸಂಗಪ್ಪನಿಗೆ ನಾಲ್ಕು ವರ್ಷ. ತನ್ನ ಮದುವೆಯ ಮಾತನ್ನು ಬದಿಗಿಟ್ಟು, ಹಿಟ್ಟಿನ ಗಿರಣಿ ನಡೆಸಿ, ಅವನನ್ನು ಓದಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಮೂವತ್ತು ವರ್ಷ ತಲೆಯಿಂದ ಕಾಲಿನವರೆಗೆ ಹಿಟ್ಟು ಬಳಿದುಕೊಂಡೇ ಬದುಕಿದಳು. ಸಂಗಪ್ಪನ ಸಂಸಾರ ಒಂದು ದಡಕ್ಕೆ ಬಂದ ಮೇಲೆ ಅವನು ಕಳೆದ ದೀಪಾವಳಿಯಂದು ಗಿರಣಿಗೆ ಬೀಗ ಹಾಕಿದ. "ಯಕ್ಕಾ, ಆ ಧೂಳಿನಾಗ ನಿಂತದ್ದು ಸಾಕು. ಇನ್ನ ಕುಂತು ಉಣ್ಣು" ಎಂದ. ತಮ್ಮ ಎಂದರೆ ಹೀಗಿರಬೇಕು ಎಂದು ಊರು ಕೊಂಡಾಡಿತು. ಅಂದಿನಿಂದ ಅವಳಿಗೆ ಒಂದು ಹುಲ್ಲುಕಡ್ಡಿ ಎತ್ತಿಡಲೂ ಅವನು ಬಿಟ್ಟವನಲ್ಲ.

ಅವಳ ಕೂಗು ಶುರುವಾದದ್ದು ಆಮೇಲೆಯೇ. ಸಾರಿಗೆ ಉಪ್ಪು ಹೆಚ್ಚಾದರೂ ಕೂಗು, ಕಡಿಮೆಯಾದರೂ ಕೂಗು. ಕಸಬರಿಗೆ ಅಡ್ಡ ಬಿದ್ದಿದ್ದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಮಾತು. ಸಂಗಪ್ಪನ ಹೆಂಡತಿ ತವರಿಗೆ ಹೋಗಿ ತಿಂಗಳಾಗಿತ್ತು. ಬಾ ಎಂದು ಕರೆಯುವ ಮುಖ ಅವನಿಗಿರಲಿಲ್ಲ. ಅವನು ಸೋತುಹೋಗಿದ್ದ. ಔಷಧದ ಅಂಗಡಿಯ ಪರಿಚಯದವನಿಂದ ಒಂದು ಪಟ್ಟಿ ಮಂಪರಿನ ಗುಳಿಗೆ ತಂದಿದ್ದ. ಇಂದಿನ ಸಂಜೆಯ ಹಾಲಿನಲ್ಲೇ ಒಂದನ್ನು ಅರೆದು ಹಾಕಬೇಕೆಂದಿದ್ದ. ಆದರೆ ಅವಳ ಕೈತುತ್ತು ಉಂಡು ಬೆಳೆದವನಿಗೆ ಕೈ ಏಳಲಿಲ್ಲ. ಅದಕ್ಕೇ ಮಠಕ್ಕೆ ಬಂದಿದ್ದ.

ಕಿಸೆಯಿಂದ ಪಟ್ಟಿ ತೆಗೆದು ಗುರುಗಳ ಮುಂದಿಟ್ಟ. ಅದರ ಜೊತೆ ಒಂದು ಉದ್ದನೆಯ ಕೀಲಿಯೂ ಜಾರಿ ನೆಲಕ್ಕೆ ಬಿತ್ತು. ಗಿರಣಿಯ ಕೀಲಿ. ಬಿದ್ದ ಸದ್ದಿಗೆ ಗುರುಗಳು ಕಣ್ಣು ತೆರೆದರು. ಸಂಗಪ್ಪ ಅದನ್ನು ಎತ್ತಿ ಮತ್ತೆ ಕಿಸೆಗೆ ಹಾಕಿಕೊಂಡ.

"ಅಕಿ ಸುಮ್ಮನಾದ್ರ ಸಾಕ್ರಿ ಅಜ್ಜಾರ. ನನಗ ಬ್ಯಾರೆ ಏನೂ ಬ್ಯಾಡ," ಎಂದ.

ಗುರುಗಳು ಗುಳಿಗೆಯನ್ನು ನೋಡಿದರು. ಪಾಪ ಎನ್ನಲಿಲ್ಲ, ಪುಣ್ಯ ಎನ್ನಲಿಲ್ಲ.

"ಮಠದ ಕಂಪ್ಯೂಟರ್ ರಿಪೇರಿಗೆ ಬರ್ತಾನಲ್ಲ, ಆ ಮನಶ್ಯಾ ತನ್ನ ಮುಂದ ನಡದದ್ದು ಹೇಳಿದ್ದ. ಕೇಳು," ಎಂದು ಕತೆ ಶುರು ಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ದಿನವಿಡೀ ಗಿರಾಕಿಗಳ ಮುಂದೆ ಬಟ್ಟೆ ಬಿಚ್ಚುವುದು, ಮತ್ತೆ ಮಡಚುವುದು. ಸಂಜೆ ಬಾಯಿ ಒಣಗಿ, ಸೊಂಟ ಹಿಡಿದು ಮನೆಗೆ ಬರುತ್ತಿದ್ದ. ಐವತ್ತು ದಾಟಿದ ಆ ಮನುಷ್ಯನಿಗೆ ಒಂದೇ ಒಂದು ಹುಚ್ಚಿತ್ತು: ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಬೀದಿಯಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವನಲ್ಲ. ಪರದೆಯ ಮೇಲೆ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಆ ಒಂದು ಗಂಟೆಯಲ್ಲಿ ಅವನ ಇಡೀ ದಿನದ ದಣಿವು ಇಳಿಯುತ್ತಿತ್ತು. ಅದಕ್ಕಾಗಿಯೇ ಆಟಕ್ಕೆಂದು ಮಾಡಿದ ದೊಡ್ಡ ಯಂತ್ರವನ್ನು ತರಿಸಿದ.

ತಂದ ದಿನವೇ ಅದಕ್ಕೊಂದು ಹೊದಿಕೆ ಹೊಲಿಸಿದ. ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಬರಿಮೈಯಲ್ಲಿ ಇರುವ ವಸ್ತುವೇ ಇರಲಿಲ್ಲ. ಟೀವಿಗೆ ಹೊದಿಕೆ, ಫ್ರಿಜ್ಜಿಗೆ ಹೊದಿಕೆ, ಮಿಕ್ಸಿಗೂ ಹೊದಿಕೆ. ಈ ಯಂತ್ರಕ್ಕೆ ಅಂಗಡಿಯಲ್ಲೇ ಮೇಲಾದ ಕೆಂಪು ಮಖಮಲ್ಲು, ಅಂಚಿಗೆ ಜರಿ. ಗುಂಡಿ ಒತ್ತಲು ಮುಂದೆ ಒಂದು ಸಣ್ಣ ಕಿಂಡಿ, ತಂತಿ ಹೋಗಲು ಹಿಂದೆ ಒಂದು ಸೀಳು. ಧೂಳಿನ ಒಂದು ಕಣವೂ ಒಳಗೆ ಹೋಗಬಾರದು. ಆಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ ಯಂತ್ರದೊಳಗಿನ ಫ್ಯಾನ್ ಸದ್ದು ಮಾಡತೊಡಗಿತು. ಆಟ ಶುರುವಾದ ಹತ್ತು ನಿಮಿಷಕ್ಕೆ ಗೊರಗೊರ. ಅರ್ಧ ಗಂಟೆಗೆ ಕಿವಿ ತೂತು ಬೀಳುವಂಥ ಅಬ್ಬರ. ಮನೆಯವರು ಬಾಗಿಲು ಹಾಕಿಕೊಂಡರು. ವ್ಯಾಪಾರಿಗೆ ತನ್ನದೆಂದು ಇದ್ದ ಆ ಒಂದು ಗಂಟೆಯೂ ಕೈತಪ್ಪಿತು.

ಯಂತ್ರವನ್ನು ರಿಪೇರಿಯವನ ಅಂಗಡಿಗೆ ಒಯ್ದ. ಹೊರಗೆ ಹೋದರೆ ಮಖಮಲ್ಲು ಮಾಸೀತೆಂದು ಹೊದಿಕೆಯನ್ನು ಬಿಚ್ಚಿ, ಮಡಚಿ, ಕಪಾಟಿನಲ್ಲಿಟ್ಟು ಹೋದ. ರಿಪೇರಿಯವನು ಯಂತ್ರವನ್ನು ಮೇಜಿನ ಮೇಲಿಟ್ಟು, ಆಟ ಹಚ್ಚಿ, ಒಂದು ತಾಸು ಕಾದ. ಫ್ಯಾನ್ ಸೊಲ್ಲೆತ್ತಲಿಲ್ಲ. ಆದರೂ ಬಂದವರನ್ನು ಹಾಗೇ ಕಳಿಸಬಾರದೆಂದು ಒಳಗೆಲ್ಲ ಗಾಳಿ ಊದಿ ಸ್ವಚ್ಛ ಮಾಡಿ ಕೊಟ್ಟ. ವ್ಯಾಪಾರಿ ಮನೆಗೆ ತಂದ, ಹೊದಿಕೆ ಹೊದಿಸಿದ, ಆಟಕ್ಕೆ ಕೂತ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬಂತೆ ಫ್ಯಾನ್ ಮತ್ತೆ ಶುರು ಮಾಡಿತು.

ಎರಡನೆಯ ಸಲ ಹೊಸ ಫ್ಯಾನ್ ಹಾಕಿಸಿದ. ಮೂರನೆಯ ಸಲ ಒಳಗೆ ಬಿಸಿ ಇಳಿಸುವ ಲೇಪವನ್ನು ಒರೆಸಿ ಹೊಸದು ಹಚ್ಚಿಸಿದ. ಪ್ರತಿ ಸಲವೂ ಅಂಗಡಿಯಲ್ಲಿ ಮೌನ, ಮನೆಯಲ್ಲಿ ಅಬ್ಬರ. ಇದಕ್ಕೆ ನನ್ನ ಮೇಲೇ ಹಗೆ ಎಂದು ವ್ಯಾಪಾರಿಗೆ ಅನ್ನಿಸತೊಡಗಿತು.

ಸಂಗಪ್ಪ ನಡುವೆ ಬಾಯಿ ಹಾಕಿದ.

"ನಮ್ಮಕ್ಕನೂ ಹಂಗರಿ ಅಜ್ಜಾರ. ಮಗ್ಗಲ ಮನ್ಯಾಗ ಜ್ವಾಳಾ ಹಸನ ಮಾಡಾಕ ಕುಂತ್ರ ಒಂದ ಮಾತಿಲ್ಲ. ಮಂದಿ ಮುಂದ ಬಂಗಾರದಂಥಾಕಿ. ನಮ್ಮ ಹೊಸ್ತಿಲಾ ದಾಟಿದ್ಲಂದ್ರ ಶುರು."

"ಹೂಂ," ಎಂದು ಗುರುಗಳು ಕತೆಯನ್ನು ಮುಂದುವರಿಸಿದರು.

ನಾಲ್ಕನೆಯ ಸಲ ವ್ಯಾಪಾರಿ ರಿಪೇರಿಯವನಿಗೆ ಕೈ ಮುಗಿದ. ಕಾರಣ ಹುಡುಕುವ ಆಸೆ ಅವನಿಗೆ ಉಳಿದಿರಲಿಲ್ಲ. "ಏನರ ಮಾಡಪಾ. ಇದು ಸುಮ್ಮನಾದ್ರ ಸಾಕು," ಎಂದ.

ರಿಪೇರಿಯವನೂ ಬೇಸತ್ತಿದ್ದ. ಒಳಗೆ ಎಷ್ಟೇ ಬಿಸಿಯಾದರೂ ಫ್ಯಾನ್ ಮೆಲ್ಲಗೇ ತಿರುಗುವಂತೆ ಅದನ್ನು ಕಟ್ಟಿಹಾಕಿ ಕೊಟ್ಟ. ಹಾಗೆ ಮಾಡಬಾರದೆಂದು ಅವನಿಗೆ ಗೊತ್ತಿತ್ತು. ದಣಿದವನು ದಣಿದವನಿಗೆ ಇಲ್ಲ ಎನ್ನಲಾರದೆ ಹೋದ.

ಮನೆ ಶಾಂತವಾಯಿತು. ಮೂರು ಸಂಜೆ ವ್ಯಾಪಾರಿ ಮನಸಾರೆ ಆಡಿದ. ನಾಲ್ಕನೆಯ ಸಂಜೆ ಆಟದ ನಡುವೆ ಯಂತ್ರ ತಾನಾಗಿ ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಸದ್ದಿಲ್ಲವಲ್ಲ, ಅಷ್ಟಾದರೂ ಆಯಿತಲ್ಲ ಎಂದುಕೊಂಡು ಹಲವು ದಿನ ಆರಿದಾಗೆಲ್ಲ ಹಚ್ಚುತ್ತ ಹೋದ. ಒಂದು ಸಂಜೆ ಸುಟ್ಟ ವಾಸನೆ ಬಂತು. ಆಮೇಲೆ ಅದು ಹತ್ತಲೇ ಇಲ್ಲ.

ಮತ್ತೊಮ್ಮೆ ಹೊತ್ತುಕೊಂಡು ಹೋಗುವ ತ್ರಾಣ ವ್ಯಾಪಾರಿಗಿರಲಿಲ್ಲ. ಆಗಲೇ ರಿಪೇರಿಯವನನ್ನು ಮನೆಗೇ ಕರೆಸಿದ. ಬಂದವನು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಮೂಲೆಯಲ್ಲಿ ಯಂತ್ರ ಮದುಮಗಳ ಹಾಗೆ ಕೆಂಪು ಮಖಮಲ್ಲು ಹೊದ್ದು ಕೂತಿತ್ತು. ಅವನು ಹತ್ತಿರ ಹೋಗಿ ಬಟ್ಟೆಯ ಮೇಲೆ ಅಂಗೈ ಇಟ್ಟ. ಅದು ಇನ್ನೂ ಬಿಸಿಯಿತ್ತು.

"ಇದನ್ನ ಯಾವಾಗ ಹೊದಿಸಿದ್ರಿ ಸಾವ್ಕಾರ್ರ?"

"ತಂದ ದಿನಾನ ಹೊದಿಸೀನಿ. ಧೂಳ ಬೀಳಬಾರದಲ್ಲಪಾ."

"ಧೂಳ ಬಿದ್ದಿದ್ರ ಒರಸಬಹುದಾಗಿತ್ತರಿ," ಎಂದ ರಿಪೇರಿಯವನು. "ಉಸರಾಡಾಕ ಜಾಗಾ ಇಲ್ದ ಇದು ಒಳಗ ಬೇಯಾಕತ್ತಿತ್ತು. ಅದನ್ನ ಹೇಳಾಕ ಒದರತಿತ್ತು. ನಾವಿಬ್ರೂ ಕೂಡಿ ಅದರ ಬಾಯಿ ಕಟ್ಟಿದಿವಿ."

ವ್ಯಾಪಾರಿ ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಕೂತ. ಹೊದಿಕೆಯನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡು ಮಡಚಿದ. ಬಿಚ್ಚಿದ. ಮತ್ತೆ ಮಡಚಿದ. ಅವನ ಕೈಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

ಗುರುಗಳು ಕತೆ ನಿಲ್ಲಿಸಿದರು. ಸಂಗಪ್ಪನಿಗೆ ವ್ಯಾಪಾರಿಯ ಮೇಲೆ ಕನಿಕರ ಹುಟ್ಟಿತು, ಸ್ವಲ್ಪ ಸಿಟ್ಟೂ ಬಂತು. ಅಷ್ಟು ದಿನ ಕಣ್ಣೆದುರಿಗೇ ಇದ್ದದ್ದು ಕಾಣಲಿಲ್ಲವಲ್ಲ ಆ ಮನುಷ್ಯನಿಗೆ ಎಂದುಕೊಂಡ. ಆದರೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಸಂಜೆ ಹತ್ತಿರವಾಗುತ್ತಿತ್ತು, ಮನೆಗೆ ಹೋಗಬೇಕಿತ್ತು, ಹಾಲು ಕಾಸಬೇಕಿತ್ತು.

"ಆ ಸಾವ್ಕಾರಗ ತಿಳೀಲಿಲ್ಲ, ಹೋಗ್ಲಿ ಬಿಡ್ರಿ. ನಾ ನಮ್ಮಕ್ಕಗ ಎಂಥಾ ಹೊದಿಕಿ ಹೊದಿಸೀನ್ರಿ ಅಜ್ಜಾರ?" ಎಂದ. "ಹೂವಿನಂಗ ನೋಡ್ಕೊಂಡೀನಿ. ಅಕಿ ಮೈಮ್ಯಾಲ ಒಂದು ಧೂಳ ಸೈತ ಬೀಳಾಕ ಬಿಟ್ಟಿಲ್ಲ."

ಗುರುಗಳು ಗುಳಿಗೆಯ ಪಟ್ಟಿಯನ್ನು ಅವನ ಕಡೆಗೆ ಮೆಲ್ಲನೆ ಸರಿಸಿದರು. ಮತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಗಿರಣಿ ಕೀಲಿ ಯಾರ ಕಿಸೇದಾಗ ಐತಿ, ತಮ್ಮಾ?"