ತಾನೇ ಮೇಲೆ ಬಂದ ದಿಮ್ಮಿ

ಮರ ಕಡಿಯುವ ಬೈಲಪ್ಪನಿಗೆ ಸಲೀಸಾದ ಕೆಲಸವೆಂದರೆ ಬೇಸರ. ಬಂಡೆಸಂದಿಗೆ ಸಿಕ್ಕ ಮರ, ಸೂರಿನ ಮೇಲೆ ಒರಗಿದ ಕೊಂಬೆ, ಇಂಥವು ಬಂದರೆ ಅವನಿಗೆ ಹಬ್ಬ.

ಒಂದು ಬೇಸಿಗೆಯಲ್ಲಿ ಬಿರುಗಾಳಿಗೆ ಮುರಿದ ಮಾವಿನ ದಿಮ್ಮಿಯೊಂದು ಉರುಳಿ, ಒಣಗಿದ್ದ ಕಲ್ಯಾಣಿಯ ತಳ ಸೇರಿತು. ಮರುದಿನ ಸಂಜೆ ಮೇಲಧಿಕಾರಿಗಳು ಕಲ್ಯಾಣಿ ನೋಡಲು ಬರುವವರಿದ್ದರು. ಅಮಲ್ದಾರರು ಬೈಲಪ್ಪನನ್ನು ಕರೆಸಿದರು.

"ನಾಳೆ ಸಂಜೆಯೊಳಗೆ ದಿಮ್ಮಿ ಮೇಲೆ ಬರಬೇಕು. ತುಂಡು ಮಾಡಕೂಡದು. ಕೆತ್ತನೆಯ ಮೆಟ್ಟಿಲಿಗೆ ಹಗ್ಗ ಸೋಕಕೂಡದು. ತಪ್ಪಿದರೆ ಈ ತಾಲ್ಲೂಕಿನಲ್ಲಿ ನೀನು ಕೊಡಲಿ ಮುಟ್ಟಕೂಡದು."

"ಆಗಲಿ ಬುದ್ಧಿ" ಎಂದ ಬೈಲಪ್ಪ ಕಲ್ಯಾಣಿಯನ್ನು ಒಂದು ಸುತ್ತು ಹಾಕಿದ. ಅವನ ಮುಖ ಅರಳಿತು. ನೀರಗಂಟಿಗೆ ಹೇಳಿ ಪಕ್ಕದ ಕಾಲುವೆಯ ತೂಬು ತೆಗೆಸಿದ. ನೀರು ಕಲ್ಯಾಣಿಗೆ ಧುಮುಕಿತು. ಬೈಲಪ್ಪ ನೆರಳಿಗೆ ಹೋಗಿ ಎಲೆಅಡಿಕೆ ಹಾಕಿಕೊಂಡು ಕೂತ.

ಮರುದಿನ ಮಧ್ಯಾಹ್ನ ಅಮಲ್ದಾರರು ಬಂದು ನೋಡಿದರೆ ಕಲ್ಯಾಣಿ ತುಂಬಿ ತುಳುಕುತ್ತಿತ್ತು. ದಿಮ್ಮಿ ದಡದ ಮಟ್ಟಕ್ಕೇ ತೇಲಿ ಬಂದಿತ್ತು. ಬೈಲಪ್ಪ ಅದನ್ನು ಬಿದಿರಿನ ಗಳದಿಂದ ಕಾಲುವೆಯ ಬಾಯಿಗೆ ನೂಕಿದ. ಅಲ್ಲಿ ಮೆಟ್ಟಿಲಿರಲಿಲ್ಲ. ಜೋಡೆತ್ತು ಅದನ್ನು ಮಣ್ಣಿನ ಏರಿಗೆ ಎಳೆದು ಹಾಕಿದವು.

ಅಮಲ್ದಾರರಿಗೆ ಸೋಲೊಪ್ಪುವ ಮನಸ್ಸಿಲ್ಲ. "ನೀನೇನಯ್ಯ ಮಾಡಿದೆ? ನಿನ್ನೆಯೆಲ್ಲ ನೆರಳಲ್ಲಿ ಕೂತಿದ್ದೆ. ಎತ್ತಿದ್ದೆಲ್ಲ ನೀರು."

"ದಿಟ ಬುದ್ಧಿ. ಇನ್ನೊಂದು ಸಲ ಇಂಥ ಕೆಲಸ ಬಿದ್ದರೆ ನೀರಿಗೇ ಹೇಳಿಕಳಿಸಿ."

ಅಮಲ್ದಾರರ ಮೀಸೆ ಮೊದಲು ಅದುರಿತು. ಆಮೇಲೆ ನಗು ತಡೆಯಲಾಗದೆ ಅವರು ಆ ದಿಮ್ಮಿಯ ಮೇಲೆಯೇ ಕೂತುಬಿಟ್ಟರು.