ಹಗೇವಿನ ತಳ

ಚರಂತಯ್ಯ ಮಾಡಿದ್ದು ತಪ್ಪು. ಊರಿನ ಬಿತ್ತನೆ ಜೋಳವನ್ನು ಬೀಸಿ ಊರಿಗೇ ಉಣ್ಣಿಸಿದ. ಅದಕ್ಕೆ ದಯೆ ಅಂತ ಹೆಸರಿಟ್ಟ.

ಹೊಳೆದಂಡೆಯ ಆ ಮಠದಲ್ಲಿ ಹಿಂದೆ ಹೀಗಿರಲಿಲ್ಲ. ಸುಗ್ಗಿ ಮುಗಿದರೆ ಸಾಕು, ಹೆಂಗಸರು ಹಾಡು ಹೇಳುತ್ತ ಜೋಳ ತರುತ್ತಿದ್ದರು. ಹೊಲ ಇದ್ದಷ್ಟು ಪಾಲು. ಬಾಳನಗೌಡನದು ಬಂಡಿ ತುಂಬ, ದ್ಯಾಮವ್ವನದು ಒಂದು ಮೊರ. ಅಂಗಳದಲ್ಲಿ ಎರಡೂ ಒಂದೇ ರಾಶಿ.

ಆ ರಾಶಿಯಿಂದ ವರ್ಷವಿಡೀ ದಾಸೋಹ. ಬೀಜದ ಜೋಳ ಮಾತ್ರ ಬೇರೆ, ನೆಲದೊಳಗಿನ ಹಗೇವಿನಲ್ಲಿ. ಬಿತ್ತುವ ತನಕ ಅದರ ಬಾಯಿಯನ್ನು ಯಾರೂ ತೆರೆಯುತ್ತಿರಲಿಲ್ಲ.

ಗುರುಪಾದಜ್ಜ ಯಾತ್ರೆಗೆ ಹೋದರು. ಮಠ ಶಿಷ್ಯ ಚರಂತಯ್ಯನ ಕೈಗೆ ಬಂತು.

ಆ ಸುಗ್ಗಿಯಲ್ಲಿ ಬೀಜದ ಜೋಳ ಹಗೇವು ಸೇರಿದ ಮೇಲೆ ಅವನು ಸಾರಿದ: "ಇನ್ನ ಯಾರೂ ಪಾಲು ಕೊಡಬ್ಯಾಡ್ರಿ. ದಾಸೋಹ ಮಾತ್ರ ನಿಲ್ಲೂದಿಲ್ಲ."

ಮೊದಲು ಜೈ ಅಂದವನು ಬಾಳನಗೌಡ. ಆಮೇಲೆ ಊರು. ಹಳೆಯ ರಾಶಿ ಮುಗಿದ ಮೇಲೆ ದಾಸೋಹಕ್ಕೆ ಹಗೇವಿನ ಬಾಯಿ ತೆರೆಯಿತು.

ಅಜ್ಜ ತಿರುಗಿ ಬಂದಾಗ ಹಿಂಗಾರಿ ಮಳೆ ಬಿದ್ದು ಹೊಲ ಹದವಾಗಿತ್ತು. ದ್ಯಾಮವ್ವ ಬೀಜಕ್ಕಾಗಿ ಬರಿ ಚೀಲ ಹಿಡಿದು ಹಗೇವಿನ ಬಳಿ ನಿಂತಿದ್ದಳು.

ಅಜ್ಜ ಮುಚ್ಚಿದ ಕಲ್ಲು ಸರಿಸಿದರು. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು.

"ಚರಂತಯ್ಯಾ, ಏನು ಕಾಣತೈತಿ?"

"ತಳ, ಅಜ್ಜಾರ."

"ಪಾಲು ಬಿಟ್ಟಿ. ಊಟ ಯಾಕ ಕಡಿಮಿ ಮಾಡ್ಲಿಲ್ಲ?"

"ಜನ ಹಸೀತಾರಲ್ರೀ."

"ಹಸೀತಾರ, ಖರೆ. ಮತ್ತ ಪಾಲು ಯಾಕ ಬಿಟ್ಟಿ?"



"ಜೈ ಅನ್ನಿಸ್ಕೊಳ್ಳಾಕ, ಯಪ್ಪಾ," ಅಂದಳು ದ್ಯಾಮವ್ವ. "ನಾನೂ ಅಂದೆ. ಒಂದು ಮೊರ ಉಳೀತು ಅಂತ ಕುಣಿದೆ. ಈಗ ಹೊಲಾನ ಬೀಳು ಬೀಳತೈತಿ."

ಚರಂತಯ್ಯ ಗೌಡನ ಮನೆಯ ಕಡೆ ಕೈ ತೋರಿದ. "ಗೌಡ್ರು ಹೇಳಿದ್ರು, ಅಜ್ಜಾರ. ಪಾಲು ಉಳಿದ್ರ ಜನ ಹುರುಪಿನಿಂದ ದುಡೀತಾರ, ಮುಂದಿನ ಸುಗ್ಗಿ ದುಪ್ಪಟ್ಟು ಬರತೈತಿ, ಹಗೇವು ತಾನ ತುಂಬತೈತಿ ಅಂತ."

"ಯಾವ ಬೀಜ ಬಿತ್ತಿ ದುಪ್ಪಟ್ಟು ತಗೀತಾರ?"

ಹಗ್ಗದ ತುದಿಯಲ್ಲಿ ಕಂದೀಲು ತೂಗುತ್ತಿತ್ತು. ಅಜ್ಜ ಬರಿದಾದ ಅಂಗಳದ ಕಡೆ ನೋಡಿದರು.

"ಇಲ್ಲಿ ಜೋಳ ಸುರಿಯೋ ಸಪ್ಪಳಕ್ಕ ನನಗ ಎಚ್ಚರ ಆಗ್ತಿತ್ತು. ಗೌಡನ ಕಾಳು ಯಾವುದು, ದ್ಯಾಮವ್ವನ ಕಾಳು ಯಾವುದು, ಆ ಸಪ್ಪಳದಾಗ ಗೊತ್ತ ಆಗ್ತಿರಲಿಲ್ಲ."

ಅವರು ದ್ಯಾಮವ್ವನ ಕೈಯ ಚೀಲ ತೆಗೆದುಕೊಂಡು ಶಿಷ್ಯನ ಹೆಗಲಿಗೆ ಹಾಕಿದರು.

"ಹೊಲದ ಹಸಿ ಆರೂದ್ರಾಗ ಊರಿಗೆಲ್ಲ ಬೀಜ ಬೇಕು."

"ಜೈ ಅಂದವರ ಮುಂದ ಹೆಂಗ ಕೈ ಚಾಚಲಿ, ಅಜ್ಜಾರ?"

"ನಡಿ. ಯಾರ ಬಾಯಾಗ ಮೊದಲು ಜೈ ಬಂತೋ, ಅವರ ಬಾಗಿಲಿಂದ ಶುರು ಮಾಡು."